ಒಂದೇ ತೂತು

ಗುರಿ ಹೊಡೆಯುವ ಸ್ಪರ್ಧೆಗೆಂದು ತಾನೇ ಕಟ್ಟಿದ ಪಿಸ್ತೂಲನ್ನು ದೇಚಮ್ಮ ಅಲುಗಾಡದಂತೆ ಮೇಜಿನ ಕಬ್ಬಿಣದ ವೈಸಿಗೆ ಬಿಗಿದು ಹೊಡೆದು ನೋಡಿದಾಗ ಐದು ಗುಂಡೂ ಒಂದೇ ತೂತಿನಲ್ಲಿ ಹೋಗಿದ್ದವು. ಮಾಡಿಸಿಕೊಂಡ ಸುಬೇದಾರ್ ಉತ್ತಯ್ಯನವರಿಗೆ ಮಾತ್ರ ನಂಬಿಕೆ ಬರಲಿಲ್ಲ.

"ವೈಸಿನ ಬಾಯಲ್ಲಿ ಎಲ್ಲಾ ಪಿಸ್ತೂಲೂ ಸಾಧುವೇ. ನನ್ನ ಕೈಯಲ್ಲೂ ಹಾಗೇ ಹೋದ್ರೆ ಇದರ ಮೇಲೆ ನಿನ್ನ ಹೆಸರು ಕೆತ್ತು. ಇಲ್ಲಾಂದ್ರೆ ನಿನ್ನಪ್ಪನ ಹೆಸರೇ ಇರ್ಲಿ."

ಕೋವಿ ಮಾಡುತ್ತಿದ್ದ ಅಪ್ಪ ಅರ ಹಿಡಿಯುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಅವಳು ಕಟ್ಟಿದ್ದಕ್ಕೆಲ್ಲ ಇನ್ನೂ ಅವನದೇ ಹೆಸರು.

ಕ್ಲಬ್ಬಿನ ಮೈದಾನದಲ್ಲಿ ಸುಬೇದಾರರು ಎದೆಯುಬ್ಬಿಸಿ ನಿಂತರು.

"ಕನ್ನಡಕ ಎಲ್ಲಿ ಮಾವ?"

"ಅದು ಮುದುಕರಿಗೆ. ನೀ ಸುಮ್ನಿರು."

ಐದು ಗುಂಡು ಹಾರಿದವು. ದೇಚಮ್ಮ ಓಡಿಹೋಗಿ ಗುರಿಯ ಹಾಳೆ ತಂದುಕೊಟ್ಟಳು. ನಟ್ಟನಡುವೆ ಒಂದು ತೂತು. ಬೇರೆಲ್ಲೂ ಒಂದು ಗೀರಿಲ್ಲ.

"ಬನ್ರೋ, ನೋಡ್ರೋ! ಐದೂ ಒಂದೇ ತೂತು!" ಸುಬೇದಾರರು ಕ್ಲಬ್ಬಿನವರನ್ನೆಲ್ಲ ಕೂಗಿ ಕರೆದರು. "ಎಂಥ ಕೈ ನಂದು!"

"ಕೈ ನಿಮ್ದೇ ಮಾವ. ಹೆಸರು ಯಾರದು ಕೆತ್ತಲಿ?"

"ನಿಂದೇ ಕೆತ್ತು ಮಾರಾಯ್ತಿ, ದೊಡ್ಡಕ್ಷರದಲ್ಲಿ!"

ಉಳಿದ ನಾಲ್ಕು ತೂತುಗಳಿದ್ದ ಪಕ್ಕದ ಗುರಿಯ ಹಾಳೆಯನ್ನು ದೇಚಮ್ಮ ಆಗಲೇ ಮಡಚಿ ಜೇಬಿಗೆ ಸೇರಿಸಿದ್ದಳು.