ಎರಡು ಚುಕ್ಕಿ

“ಅಣ್ಣ, ಈ ‘ಭ’ ಅಂದ್ರೆ ಏನು?”

ತಲೆಯ ಹೆಲ್ಮೆಟ್ ತೆಗೆಯುತ್ತಿದ್ದ ಎಂಜಿನಿಯರ್ ತಿರುಗಿ ನೋಡಿದ. ರಂಗಮಂದಿರದ ಬಾಲ್ಕನಿಯನ್ನು ಹೊಸದಾಗಿ ಕಟ್ಟಿಸಿದವನು ಅವನೇ. ತಂಗಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ಸಂಜೆಯ ನಾಟಕಕ್ಕೆ ಅವಳ ವಿದ್ಯಾರ್ಥಿಗಳೆಲ್ಲ ಆ ಬಾಲ್ಕನಿಯಲ್ಲೇ ಕೂರುವವರಿದ್ದರು. ಜಾಗ ನೋಡಿಕೊಂಡು ಹೋಗೋಣವೆಂದು ಬಂದವಳು ಅಲ್ಲಿದ್ದ ಅಣ್ಣನ ಕೋಣೆಯ ಬಿಳಿ ಹಲಗೆಯ ಮುಂದೆ ನಿಂತುಬಿಟ್ಟಿದ್ದಳು.

ಹಲಗೆಯ ಮೇಲೆ ಇದ್ದದ್ದು ಇಷ್ಟು: ಬಾಲ್ಕನಿ ತಡೆಯುವ ಭಾರ = ಭ. ಅದರ ಕೆಳಗೆ, ಭ = ತುಂಬಿ ಕೂತ ಜನರ ಭಾರದ ಎರಡರಷ್ಟು. ಅದರ ಕೆಳಗೆ ದಪ್ಪಕ್ಷರದಲ್ಲಿ, ಆದ್ದರಿಂದ ಸುರಕ್ಷಿತ.

“ಮೇಲೇ ಬರ್ದಿದೆಯಲ್ಲ, ಬಾಲ್ಕನಿ ತಡೆಯೋ ಭಾರ ಅಂತ.”

“ಅದು ಸರಿ. ಅಲ್ಲಿ ನೀನು ಹೆಸರಿಟ್ಟಿದ್ದೀಯ. ಹೆಸರಿಡೋಕೆ ಯಾರ ಅಪ್ಪಣೆಯೂ ಬೇಡ. ಆದ್ರೆ ಎರಡನೇ ಸಾಲು? ಅದು ಲೆಕ್ಕದಿಂದ ಬಂತಾ, ಇಲ್ಲಾ ಅದನ್ನೂ ನೀನೇ ಇಟ್ಟುಕೊಂಡ್ಯಾ?”

“ಸಮ ಅಂದ್ರೆ ಸಮ ಕಣೇ. ಅದ್ರಲ್ಲೇನು ಬೇರೆ ಬೇರೆ ಜಾತಿ?”

“ಇದೆ. ಒಂದು ‘ಆಗಿರಲಿ’, ಇನ್ನೊಂದು ‘ಆಗಿದೆ’. ಮಕ್ಕಳಿಗೆ ಗೊಂದಲ ಆಗದಿರಲಿ ಅಂತ, ಹೆಸರಿಡೋ ಸಮಚಿಹ್ನೆಯ ಎಡಗಡೆ ಎರಡು ಚುಕ್ಕಿ ಇಡಿಸ್ತೀನಿ.” ಅವಳು ಪೆನ್ನು ತೆಗೆದುಕೊಂಡು ಮೊದಲ ಸಾಲಿನ ಸಮಚಿಹ್ನೆಯ ಎಡಕ್ಕೆ ಒಂದರ ಕೆಳಗೊಂದು ಎರಡು ಚುಕ್ಕಿ ಇಟ್ಟಳು. ಎರಡನೇ ಸಾಲಿಗೆ ಬಂದಾಗ ಕೈ ತಡೆದು ಅಣ್ಣನ ಮುಖ ನೋಡಿದಳು. “ಇಲ್ಲಿ ಇಡ್ಲಾ, ಬೇಡ್ವಾ? ನೀನೇ ಹೇಳು.”

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡಿದ, ಸಡಿಲ ಮಾಡಿದ. ಹಿಡಿದ ಪಟ್ಟು ಬಿಡದ ಅಣ್ಣ, ಊಟದ ತಟ್ಟೆಯ ಮುಂದೆಯೂ ವಾದ ಮಾಡುವ ಅಣ್ಣ, ಈಗ ಸುಮ್ಮನಿದ್ದಾನೆ. ಅವಳಿಗೆ ಅನುಮಾನ ಹೊಕ್ಕಿದ್ದು ಆಗಲೇ.

“ಬಾಲ್ಕನಿ ನಿಂತಿರೋದು ಯಾವುದರ ಮೇಲೆ?”

“ಹಳೇ ತೊಲೆ. ಗಟ್ಟಿಮುಟ್ಟಾಗಿದೆ.”

“ನೋಡಿದ್ದೀಯಾ?”

“ಗಾರೆ ಒಳಗಿದೆ ಅದು. ಗಾರೆ ಒಡೆಯೋಕೆ ಇಲ್ಲಿನ ಮ್ಯಾನೇಜರ್ ಬಿಡ್ಲಿಲ್ಲ. ನಾಟಕದ ದಿನ ನಿಗದಿಯಾಗಿಬಿಟ್ಟಿತ್ತು. ಇಷ್ಟು ತಡೀಬೇಕು ಅಂತ ಇಟ್ಟುಕೊಂಡೇ ಎಲ್ರೂ ಶುರು ಮಾಡೋದು...”

“ಶುರು ಮಾಡು, ಯಾರು ಬೇಡ ಅಂದ್ರು? ಆದ್ರೆ ತಡೀಬೇಕು ಅಂತ ನೀನು ಇಟ್ಟುಕೊಂಡಿದ್ದು ಆ ತೊಲೆಗೆ ಗೊತ್ತಾ?”

ಅಷ್ಟರಲ್ಲಿ ಹೊರಗಿನಿಂದ ಮ್ಯಾನೇಜರ್ ದನಿ ಕೇಳಿಸಿತು. “ಸಾರ್, ಮೇಡಮ್ಮೂ ಬಂದಿದ್ದಾರಂತೆ! ಬನ್ನಿ ಬನ್ನಿ, ಮೇಲಿಂದ ವೇದಿಕೆ ಹೇಗೆ ಕಾಣುತ್ತೆ ನೋಡೋರಂತೆ. ಕುರ್ಚಿ ಜೋಡಿಸೋರು ಇನ್ನೇನು ಬಂದುಬಿಡ್ತಾರೆ.”

ಇಬ್ಬರೂ ಹೊರಬಂದರು. ಮ್ಯಾನೇಜರ್ ಆಗಲೇ ಬಾಲ್ಕನಿಯ ತುದಿಯಲ್ಲಿ, ಕಂಬಿಗೆ ಹೊಟ್ಟೆ ಆನಿಸಿಕೊಂಡು ಕೈ ಬೀಸುತ್ತಿದ್ದ. ತಂಗಿ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ಅಣ್ಣ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಎಳೆದ ಮೇಲೆಯೇ ತಾನೇನು ಮಾಡಿದೆನೆಂದು ಅವನಿಗೇ ತಿಳಿದದ್ದು.

“ಕುರ್ಚಿಯವರಿಗೆ ಬರಬೇಡಿ ಅಂತ ಹೇಳಿ,” ಎಂದು ಅವನು ಮೇಲೆ ನೋಡುತ್ತ ಕೂಗಿದ. “ಗಾರೆ ಒಡೆಸಬೇಕು. ನಾನು ಆ ತೊಲೆ ನೋಡಿಲ್ಲ. ನೋಡದೇನೇ ಸುರಕ್ಷಿತ ಅಂತ ಬರೆದಿದ್ದೀನಿ. ಇವತ್ತು ನಾಟಕ ಬೇಡ.”

“ತಮಾಷೆನಾ ಸಾರ್? ಜನಕ್ಕೆ ಏನಂತ ಹೇಳ್ಲಿ?”

“ಎಂಜಿನಿಯರ್ ತಪ್ಪು ಅಂತ ಹೇಳಿ. ಮೊದ್ಲು ನೀವು ಇಳೀರಿ.”

ಮ್ಯಾನೇಜರ್ ನಗಲು ಹೋದ, ಆಗಲಿಲ್ಲ. ಕಾಲ ಕೆಳಗಿನ ನೆಲವನ್ನೊಮ್ಮೆ ನೋಡಿಕೊಂಡ. ಇಷ್ಟು ದಿನ ಆ ಬಾಲ್ಕನಿಯ ಮೇಲೆ ಧಡಧಡನೆ ಓಡಾಡಿದ್ದ ಮನುಷ್ಯ ಎರಡೂ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡ. ಆಗಷ್ಟೇ ನಿದ್ದೆ ಹೋದ ಮಗುವಿನ ಪಕ್ಕದಿಂದ ಎದ್ದು ಬರುವವನ ಹಾಗೆ, ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆ ಮೆಟ್ಟಿಲ ಕಡೆಗೆ ಬರತೊಡಗಿದ.