ಇನ್ನೂರು ಕ್ಯಾಂಡಲ್ ಬಲ್ಬು

ಮುರಗೆಪ್ಪನ ಮನೆಯಲ್ಲಿ ಭಾಂಡೆ ತಿಕ್ಕುವ ಮಷೀನು ಇತ್ತು. ಖಾಸಾ ಜರ್ಮನಿಯದು. ನಿಮಿಷಕ್ಕೆ ಸಾವಿರ ಭಾಂಡೆ ತಿಕ್ಕಿ, ತೊಳೆದು, ಒರೆಸಿ, ದೊಡ್ಡವು ಕೆಳಗೆ ಸಣ್ಣವು ಮೇಲೆ ಜೋಡಿಸಿಟ್ಟು, ಕಡೆಗೆ "ಮುಗೀತ್ರಿ ಧಣ್ಯಾರ" ಎಂದು ಕೂಗಿ ಹೇಳುತ್ತಿತ್ತು. ಐಗಳಿ ಊರಿನ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತು ಇದನ್ನು ಹೇಳಿದವನು ಸ್ವತಃ ಮುರಗೆಪ್ಪ.

"ಜರ್ಮನಿ ಮಷೀನಿಗೆ ಕನ್ನಡ ಹ್ಯಾಂಗ ಬರತೈತಿ?" ಎಂದ, ಹಾಲು ಅಳೆಯುತ್ತಿದ್ದ ಅಪ್ಪಾಸಾಬ.

"ತರೂ ಮುಂದ ಎಂಟ ದಿನ ಮಿರಜದಾಗ ಇಟ್ಟಿದ್ನಿ. ಮರಾಠಿನೂ ಬರತೈತಿ, ಕನ್ನಡಾನೂ ಬರತೈತಿ."

ಈ ಮಷೀನು ಹುಟ್ಟಿದ್ದು ಅವನ ಹೆಂಡತಿ ಸೋನಾಬಾಯಿ ಜಾರಿ ಬಿದ್ದ ದಿನ. ಹೊಸ ಮನೆಗೆ ಮುರಗೆಪ್ಪ ಆರಿಸಿ ತಂದ ನೆಲಹಾಸಿನ ಫರಸಿ ಎಷ್ಟು ನುಣುಪಾಗಿತ್ತೆಂದರೆ, ಅದರ ಮೇಲೆ ಕುಳಿತ ನೊಣ ಜಾರಿ ಹಿತ್ತಲಿಗೆ ಹೋಗಿ ಬೀಳುತ್ತಿತ್ತು. ನೊಣದ ಹಿಂದೆಯೇ ಹೆಂಡತಿಯೂ ಜಾರಿದಳು. ಬಲಗೈಗೆ ಆರು ವಾರದ ಪ್ಲಾಸ್ಟರ್ ಬಿತ್ತು. ಕೆಲಸದ ಹೆಂಗಸರೆಲ್ಲ ದ್ರಾಕ್ಷಿ ಬಳ್ಳಿ ಸವರುವ ಚಾಟಣಿಗೆ ಹೋಗಿದ್ದ ದಿನಗಳವು. ಹನ್ನೊಂದು ಭಾಂಡೆಗೆ ಮನೆಯಲ್ಲಿ ಉಳಿದದ್ದು ಮುರಗೆಪ್ಪನ ಎರಡು ಕೈ. ಆ ಕೈ ಮೀಸೆ ತಿರುವುವುದಕ್ಕೆ ಎಂದು ಊರಿಗೆಲ್ಲ ಗೊತ್ತಿತ್ತು.

ಸಿಂಕಿನ ಮುಂದೆ ಕಿಟಕಿ. ಬಡಿಗ ಅದಕ್ಕಿನ್ನೂ ಬಾಗಿಲು ಕೂಡಿಸಿರಲಿಲ್ಲ. ಕಿಟಕಿಯ ನೇರಕ್ಕೆ, ರಸ್ತೆಯಾಚೆ, ಡೇರಿ. ಚಾದರ ಕಟ್ಟಿದರೆ ಒಳಗೇನು ಮುಚ್ಚಿಟ್ಟಿದ್ದಾನೆಂದು ನಾಲ್ಕು ಮಂದಿ ಬಂದೇ ಬರುತ್ತಾರೆ. ಅದಕ್ಕೇ ಅವನು ದಿನಾ ಕತ್ತಲಾಗುವುದನ್ನು ಕಾಯುತ್ತಿದ್ದ. ಸಿಂಕಿನ ಮೇಲಿನ ಸ್ಲ್ಯಾಬಿನಲ್ಲಿ ಮನೆ ಕಟ್ಟಿದ ಗೌಂಡಿ ಒಂದು ಕುಳಿ ಬಿಟ್ಟು, ಬಲ್ಬು ಅದರೊಳಗೆ ಅಡಗಿ ಕೂರುವಂತೆ ಮಾಡಿದ್ದ. ಅಲ್ಲಿ ನಲವತ್ತು ಕ್ಯಾಂಡಲ್, ಅಂದರೆ ನಲವತ್ತು ವ್ಯಾಟಿನ, ಬಲ್ಬಿತ್ತು. ಸಂಜೆ ಊರಿನ ಪಂಪುಗಳೆಲ್ಲ ಹತ್ತಿ ವೋಲ್ಟೇಜು ಇಳಿಯಿತೆಂದರೆ ಅದು ಬೀಡಿಯ ತುದಿಯಷ್ಟೇ ಕೆಂಪಗಾಗುತ್ತಿತ್ತು.

ಸೋನಾಬಾಯಿ ತೊಳೆದಿಟ್ಟ ಪ್ರತಿ ಭಾಂಡೆಯ ಮೇಲೂ ಎಡಗೈ ಹೆಬ್ಬೆರಳಿನ ಉಗುರು ಎಳೆದು ನೋಡುತ್ತಿದ್ದಳು.

"ಏನ್ರಿ ಇದು? ನಿನ್ನಿ ಬ್ಯಾಳಿ ಇನ್ನೂ ಇಲ್ಲೇ ಐತಿ."

"ಕಾಣಬೇಕಲ್ಲ ಬೇ."

"ದೊಡ್ಡ ಬಲ್ಬ್ ತರ್ರಿ."

"ದೊಡ್ಡದು ತಂದ್ರ ನಾನs ಕಾಣತೇನಿ."

"ಕಂಡ್ರ ಏನಾತು? ಕಳವು ಮಾಡಾಕತ್ತೀರೇನು?"

ಕಳವು ಮಾಡಿದ್ದರೆ ಅವನು ಇಷ್ಟು ಅಂಜುತ್ತಿರಲಿಲ್ಲ.

ಮರುದಿನ ಅಥಣಿಯ ಬಸ್ಸು ಹತ್ತಿದ. ಬಲ್ಬಿನ ಅಂಗಡಿಯ ಸತ್ಯಪ್ಪ ಎಷ್ಟು ಕ್ಯಾಂಡಲ್ಲಿನದು ಬೇಕೆಂದು ಕೇಳಿದ.

"ಭಾಂಡೆ ಕಾಣಬೇಕು, ತಿಕ್ಕಾವ ಕಾಣಬಾರದು. ಅಂಥಾದು ಕೊಡು."

"ಅಂಥಾದು ಇನ್ನೂ ಯಾರೂ ಮಾಡಿಲ್ರಿ."

"ಹಂಗಾರ ಹೇಳು, ಪಂಪ್ ಹತ್ತಿದ ಹೊತ್ತಿನ್ಯಾಗ ಇನ್ನೂರು ಕ್ಯಾಂಡಲ್ ಎಷ್ಟು ಬೆಳಕ ಕೊಡತೈತಿ?"

"ನಲವತ್ತರಷ್ಟು ಕೊಟ್ರ ಪುಣ್ಯಾ."

ಮುರಗೆಪ್ಪನ ತಲೆ ಓಡಿತು. ಎಂಟರ ತನಕ ಪಂಪಿನ ತ್ರೀ ಫೇಸ್ ಕರೆಂಟು, ಎಂಟರ ತನಕ ಪಂಪು, ಎಂಟರೊಳಗೆ ಭಾಂಡೆ. ಸಾಲದ್ದಕ್ಕೆ ಬಲ್ಬು ಕುಳಿಯೊಳಗೆ ಅಡಗಿರುತ್ತದೆ. ಸಿಂಕಿಗೆ ಸಾಕಾಗುವಷ್ಟು ಬೆಳಕು ಬಿದ್ದು, ಮೀಸೆ ಕತ್ತಲಲ್ಲೇ ಉಳಿಯುತ್ತದೆ. ಇಡೀ ಜಿಲ್ಲೆಯಲ್ಲಿ ಇಂಥ ಲೆಕ್ಕ ಯಾರಿಗೂ ಹೊಳೆದಿಲ್ಲವೆಂದು ಬಸ್ಸಿನಲ್ಲಿ ಒಬ್ಬನೇ ನಕ್ಕ. ಮೂರು ಸಂಜೆ ಲೆಕ್ಕ ಸರಿಹೋಯಿತು. ಸೋನಾಬಾಯಿಯ ಉಗುರಿಗೆ ಬೇಳೆ ಸಿಗಲಿಲ್ಲ.

ನಾಲ್ಕನೆಯ ಸಂಜೆ ಹಾಲು ಸೀದು ಬೋಗುಣಿಯ ತಳ ಹಿಡಿದಿತ್ತು. ಮುರಗೆಪ್ಪ ಹೆಂಡತಿಯ ಹಳೆಯ ಸೀರೆಯ ತುಂಡನ್ನು ಸೊಂಟಕ್ಕೆ ಸುತ್ತಿಕೊಂಡು, ಮೊಣಕೈವರೆಗೆ ಬೂದಿ ಮೆತ್ತಿಕೊಂಡು, ಕುಸ್ತಿಗೆ ಬಿದ್ದವನಂತೆ ತಿಕ್ಕುತ್ತಿದ್ದ. ಅಂದು ಏಳೂವರೆಗೇ ತ್ರೀ ಫೇಸ್ ಕಿತ್ತರು. ಐಗಳಿಯ ಅಷ್ಟೂ ಪಂಪುಗಳು ಒಮ್ಮೆಲೇ ನಿಂತವು. ವೋಲ್ಟೇಜು ಜಿಗಿಯಿತು. ಕುಳಿಯಲ್ಲಿ ಅಡಗಿದ್ದ ಬಲ್ಬು ಭಗ್ಗನೆ ಹೊತ್ತಿ, ಬಯಲಾಟದ ರಾಜನ ಮೇಲೆ ಬೀಳುವಂತೆ ಬೆಳಕು ನೆಟ್ಟಗೆ ಮುರಗೆಪ್ಪನ ಮೇಲೆ ಬಿತ್ತು. ಮೀಸೆಯ ಒಂದೊಂದು ಕೂದಲನ್ನೂ ರಸ್ತೆಯಾಚೆಯಿಂದ ಎಣಿಸಬಹುದಿತ್ತು.

ಡೇರಿಯ ಮಂದಿಯೆಲ್ಲ ಕಿಟಕಿಯ ಕಡೆ ತಿರುಗಿದರು. ಸ್ವಿಚ್ಚು ಆಚೆ ಗೋಡೆಯಲ್ಲಿ, ಕೈ ಹಸಿ. ಅವನು ಬೋಗುಣಿ ಸಮೇತ ಸಿಂಕಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

"ಮುರಗೆಪ್ಪಾ!" ಅಪ್ಪಾಸಾಬ ಕೂಗಿದ. "ಮಷೀನ ಯಾಕೋ ಕೆಳಗ ಕುಂತೈತಿ?"

ಹಿಂದೆ ಸೋನಾಬಾಯಿ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದಳು. "ಏಳ್ರಿ. ಎಷ್ಟೊತ್ತಂತ ಕೂಡತೀರಿ?"

ಮುರಗೆಪ್ಪ ಎದ್ದ. ಸೊಂಟದ ಸೀರೆ ಬಿಚ್ಚಲು ಹೋಗಿ, ಬಿಟ್ಟ.

"ಅಪ್ಪಾಸಾಬಾ, ಜರ್ಮನಿನೂ ಸುಳ್ಳು, ಮಿರಜಾನೂ ಸುಳ್ಳು. ಮಷೀನ ನಾನs. ನಾ ತಂದ ಫರಸಿ ಮ್ಯಾಲೆ ಜಾರಿ ಆಕಿ ಕೈ ಮುರೀತು. ಅವತ್ತಿನಿಂದ ನಾನs ತಿಕ್ಕಾಕತ್ತೇನಿ."

"ನಿಮಿಷಕ್ಕ ಸಾವಿರೇನೋ?"

"ತಾಸಿಗೆ ಹತ್ತು. ಹನ್ನೊಂದನೇದು ಇದು," ಎಂದು ಬೋಗುಣಿಯ ಕರ್ರನೆಯ ತಳವನ್ನು ಇನ್ನೂರು ಕ್ಯಾಂಡಲ್ ಬೆಳಕಿಗೆ ಎತ್ತಿ ಹಿಡಿದ.

"ಮತ್ತ 'ಮುಗೀತ್ರಿ ಧಣ್ಯಾರ' ಅಂತಿತ್ತಲ್ಲ?"

"ಅದೊಂದು ಖರೆ," ಎಂದ ಮುರಗೆಪ್ಪ, ಹಿಂದೆ ಹೆಬ್ಬೆರಳು ಚಾಚಿಕೊಂಡು ನಿಂತವಳ ಕಡೆ ಹೊರಳಿ. "ಆದ್ರ ಧಣ್ಯಾರು ಇನ್ನೂ ಉಗುರು ಹಚ್ಚಿ ನೋಡಿಲ್ಲ."