ಹಾಡುವ ಬಾಗಿಲು

ಮುಖದ ತುಂಬ ಸೋಪು ಹಚ್ಚಿಕೊಂಡಿದ್ದಾಗಲೇ ಬಚ್ಚಲಮನೆಯ ಬಾಗಿಲು ಹಾಡುವುದನ್ನು ನಿಲ್ಲಿಸಿತು. ಒಳಗಿದ್ದ ಸೊಸೆ ಟವೆಲ್ಲಿಗಾಗಿ ತಡಕಾಡಿದಳು. ಚಿಲಕ ಮುರಿದಾಗಿನಿಂದ ಆ ಮನೆಯಲ್ಲಿ ಒಂದೇ ಕಾನೂನು: ಒಳಗಿರುವವರು ಹಾಡುತ್ತಿರಬೇಕು, ಸದ್ದಿಲ್ಲದಿದ್ದರೆ ಬಚ್ಚಲು ಖಾಲಿ ಎಂದರ್ಥ. ಚಿಲಕ ಹಾಕಿಸಿ ಎಂದು ಅವಳು ತಿಂಗಳುಗಟ್ಟಲೆ ಗೋಗರೆದದ್ದಕ್ಕೆ ಗಂಡ ತಂದದ್ದು ಅಂಗೈಯಗಲದ ಒಂದು ಸ್ಪೀಕರು. ಹೊರಗಡೆ ಅಂಟಿಸಿದರೆ ಸಾಕು, ಬಾಗಿಲಿಗೆ ಬಾಗಿಲೇ ನಡುಗಿ ಹಾಡುತ್ತದೆ. "ಇನ್ಮೇಲೆ ನೀನು ಗಂಟಲು ಹರ್ಕೊಳ್ಳೋದೇ ಬೇಡ," ಎಂದು ಬೀಗಿದ್ದ.

"ಏನಾಯ್ತ್ರೀ ಇದಕ್ಕೆ? ಯಾರಾದ್ರೂ ಬಂದುಬಿಟ್ರೆ!" ಎಂದು ಅವಳು ಕೂಗಿದಳು.

"ಚಾರ್ಜ್ ಮುಗೀತು ಅಷ್ಟೇ, ತಾಳು," ಎಂದು ಗಂಡ ಹೊರಗಿನಿಂದ ಸ್ಪೀಕರನ್ನು ಹಿಡಿದು ಜಗ್ಗಿದ. ಭದ್ರವಾಗಿ ಅಂಟಿದ್ದ ಸ್ಪೀಕರು ಕಿತ್ತು ಬರಲಿಲ್ಲ, ಬಾಗಿಲೇ ತೆರೆದುಕೊಂಡು ಬಂತು.

ಅವಳು ಒಂದು ಕೈಯಲ್ಲಿ ಟವೆಲ್ಲು ಹಿಡಿದು, ಇನ್ನೊಂದರಿಂದ ಬಾಗಿಲನ್ನು ರಪ್ಪೆಂದು ಎಳೆದುಕೊಂಡಳು. "ಇದಕ್ಕೆ ಬೆನ್ನು ಕೊಟ್ಟು ನಿಂತ್ಕೊಳ್ಳಿ. ನಾನು ಬರೋವರೆಗೂ ನೀವೇ ಹಾಡಿ!"

ಗಂಡ ಹಾಡಿದ. ಎರಡು ಸಾಲು ಮುಗಿಯುವಷ್ಟರಲ್ಲಿ ನಡುಮನೆಯಿಂದ ಮಾವನ ದನಿ ಬಂತು: "ಥೂ, ನಿನ್ನ ರಾಗ ಕೇಳೋಕಾಗಲ್ಲ ಕಣೋ! ಮೊದಲು ಆ ಚಿಲಕ ಹಾಕ್ಸು!"

"ಇವತ್ತೇ ಹಾಕಿಸ್ತೀನಪ್ಪ," ಎಂದ ಗಂಡ, ಅದೇ ಮೊದಲ ಸಲ ಆ ಮಾತು ಕೇಳಿಸಿಕೊಂಡವನಂತೆ.

ಒಳಗೆ ಸೊಸೆ, ಸೋಪಿಗೆ ಉರಿಯುತ್ತಿದ್ದ ಕಣ್ಣು ಮುಚ್ಚಿಕೊಂಡೇ, ಕೈಗೆ ಸಿಕ್ಕ ಚೊಂಬನ್ನು ಬಾಗಿಲಿಗೆ ಬೀಸಿ ಎಸೆದಳು. ಆ ಸದ್ದು ಮಾತ್ರ ಇಡೀ ಮನೆಗೆ ಕೇಳಿಸಿತು.